ಸದ್ದು ಎಷ್ಟು ಜೋರು? ಮೈಕ್‌ಸೆಟ್ ಕೆಲಸದಲ್ಲಿ ಪದೇ ಪದೇ ಕೇಳಿಬಂದ ಪ್ರಶ್ನೆಗಳು

ಮಂಡ್ಯದ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಮೈಕ್‌ಸೆಟ್ ಇಟ್ಟಿದ್ದರು. ಎರಡು ಹಾರನ್, ಒಂದು ಆಂಪ್ಲಿಫೈಯರ್, ಒಂದು ಟೇಪ್‌ರೆಕಾರ್ಡರ್. ಈಗ ನಾನು ಮೈಸೂರಿನಲ್ಲಿ ಕಛೇರಿ, ನಾಟಕ, ಮದುವೆಗಳಿಗೆ ಸೌಂಡ್ ನೋಡಿಕೊಳ್ಳುತ್ತೇನೆ. ಎಲ್ಲಿಗೆ ಹೋದರೂ ತಕರಾರು ಒಂದೇ. ಒಬ್ಬರಿಗೆ ಜಾಸ್ತಿ, ಪಕ್ಕದಲ್ಲೇ ಕುಳಿತವರಿಗೆ ಸಾಲದು. ಇಷ್ಟು ವರ್ಷದಲ್ಲಿ ನನಗೆ ಮನದಟ್ಟಾಗಿರುವ ಸಂಗತಿಯೆಂದರೆ, ಈ ತಕರಾರಿನಲ್ಲಿ ಸಾಮಾನ್ಯವಾಗಿ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಏಕೆಂದು ತಿಳಿಯಬೇಕಾದರೆ ಕಿವಿಯ ಬಗ್ಗೆ ಸ್ವಲ್ಪ ತಿಳಿಯಬೇಕು. ಜನ ನನ್ನನ್ನು ಕೇಳಿದ, ಕೇಳುತ್ತಲೇ ಇರುವ ಪ್ರಶ್ನೆಗಳು ಇವು.

ಮೀಟರಿನಲ್ಲಿ ಕಾಣುವ ಡೆಸಿಬೆಲ್ಲೂ ನಮಗೆ ಕೇಳುವ ಜೋರೂ ಒಂದೇ ತಾನೆ?

ಒಂದೇ ಅಲ್ಲ. ಆಲೆಮನೆಯಿಂದ ತಂದ ಬೆಲ್ಲದ ಅಚ್ಚನ್ನು ತಕ್ಕಡಿಗೆ ಹಾಕಿದರೆ ತೂಕ ಗೊತ್ತಾಗುತ್ತದೆ. ಸಿಹಿ ಎಷ್ಟು ಎನ್ನುವುದನ್ನು ನಾಲಿಗೆಯೇ ಹೇಳಬೇಕು. ಮೈಸೂರ್‌ಪಾಕ್ ತಿಂದ ಬಾಯಿಗೆ ಅದೇ ಬೆಲ್ಲ ಸಪ್ಪೆ. ಸದ್ದಿನದೂ ಹಾಗೇ. ಮೀಟರ್ ಅಳೆಯುವುದು ಗಾಳಿಯ ಒತ್ತಡದ ಏರಿಳಿತವನ್ನು, ಅಂದರೆ ತೀವ್ರತೆಯನ್ನು. ‘ಜೋರು’ ಎಂಬ ಅನುಭವ ಕಿವಿ ಮತ್ತು ಮಿದುಳು ಸೇರಿ ಮಾಡಿಕೊಳ್ಳುವ ಲೆಕ್ಕ. ತೀವ್ರತೆ ಹೆಚ್ಚಿದರೆ ಜೋರೂ ಹೆಚ್ಚುತ್ತದೆ, ನಿಜ. ಆದರೆ ಸದ್ದು ದಪ್ಪವೋ ಕೀಚಲೋ, ಎಷ್ಟು ಹೊತ್ತು ಇತ್ತು, ಜೊತೆಗೆ ಇನ್ನೇನು ಕೇಳುತ್ತಿತ್ತು, ಕೇಳಿದವರ ವಯಸ್ಸೆಷ್ಟು, ಇವೆಲ್ಲವೂ ಆ ಲೆಕ್ಕದಲ್ಲಿ ಸೇರುತ್ತವೆ.

ಸೊನ್ನೆ ಡೆಸಿಬೆಲ್ ಅಂದರೆ ಸದ್ದೇ ಇಲ್ಲ ಅಂತಲೇ?

ಇಲ್ಲ. ಚೆನ್ನಾಗಿ ಕೇಳುವ ಎಳೆಯ ಕಿವಿಗೆ 1000 ಹರ್ಟ್ಜ್ (ಸೆಕೆಂಡಿಗೆ ಸಾವಿರ ಸಲ ಅಲುಗುವುದು) ಸುತ್ತಮುತ್ತಲ ದನಿ ಕೇಳಿಯೂ ಕೇಳದಂತೆ ಇರುವ ಮಟ್ಟವನ್ನು ಸೊನ್ನೆ ಎಂದು ಗೊತ್ತುಮಾಡಿಕೊಂಡಿದ್ದಾರೆ. ಆಗ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತ 20 ಮೈಕ್ರೊಪಾಸ್ಕಲ್. ನಮ್ಮ ಸುತ್ತಲ ಗಾಳಿಯ ಒತ್ತಡ ಸುಮಾರು ಒಂದು ಲಕ್ಷ ಪಾಸ್ಕಲ್. ಅದರ 500 ಕೋಟಿ ಪಾಲಿನಲ್ಲಿ ಒಂದು ಪಾಲು ಅಲುಗಿದರೂ ಕಿವಿಗೆ ಸುಳಿವು ಸಿಗುತ್ತದೆ! ಇನ್ನೊಂದು ತುದಿಯಲ್ಲಿ, 120 ಡೆಸಿಬೆಲ್ ಸುಮಾರಿಗೆ ಕಿವಿ ನೋಯತೊಡಗುತ್ತದೆ. ಈ ಎರಡು ತುದಿಗಳ ನಡುವೆ ತೀವ್ರತೆಯಲ್ಲಿರುವ ಅಂತರ ಒಂದು ಲಕ್ಷ ಕೋಟಿ ಪಟ್ಟು. ಅಷ್ಟು ಸೊನ್ನೆ ಬರೆದುಕೊಂಡು ಯಾರೂ ಲೆಕ್ಕ ಮಾಡಲಾರರು. ಅದಕ್ಕೇ ಡೆಸಿಬೆಲ್ ಬಂತು. ತೀವ್ರತೆ 10 ಪಟ್ಟಾದರೆ 10 ಡೆಸಿಬೆಲ್ ಏರಿಕೆ, 100 ಪಟ್ಟಾದರೆ 20. ಒಂದು ಮೀಟರ್ ದೂರದಲ್ಲಿ ಇಬ್ಬರು ಮಾಮೂಲಿ ಮಾತಾಡಿದರೆ ಸುಮಾರು 60.

ಹತ್ತು ತಮಟೆ ಬಡಿದರೆ ಒಂದು ತಮಟೆಗಿಂತ ಹತ್ತು ಪಟ್ಟು ಜೋರು ಕೇಳಬೇಕಲ್ಲ?

ಈ ಪ್ರಶ್ನೆ ಕೇಳಿದವನು ಹಬ್ಬದ ದಿನ ಜೊತೆಯಲ್ಲಿ ಕೇಬಲ್ ಎಳೆಯುತ್ತಿದ್ದ ಹುಡುಗ. ತಮಟೆಯವರು ಹುಲ್ಲಿಗೆ ಬೆಂಕಿ ಹಾಕಿ, ತಮಟೆಗಳನ್ನು ಅದರ ಮೇಲೆ ಹಿಡಿದು ತಿರುಗಿಸುತ್ತಿದ್ದರು. ಒಬ್ಬರು ಬೆರಳಿನಿಂದ ತಟ್ಟಿ ನೋಡುವುದು, ಸಾಲದೆಂದು ಮತ್ತೆ ಕಾಯಿಸುವುದು. ಮೊದಲು ‘ಡಬ್’ ಎನ್ನುತ್ತಿದ್ದ ಚರ್ಮ ಬಿಗಿಯಾಗಿ ‘ಟಣ್’ ಎಂದಿತು. ಆಮೇಲೆ ಒಬ್ಬರು ಶುರು ಮಾಡಿದರು, ಇಬ್ಬರಾದರು, ಹತ್ತೂ ಜನ ಸೇರಿಕೊಂಡರು.

ಒಂದು ತಮಟೆಗೆ ಎರಡನೆಯದು ಸೇರಿದಾಗ ಹೆಚ್ಚುವುದು 3 ಡೆಸಿಬೆಲ್. ಗಮನಿಸಿದರೆ ಗೊತ್ತಾಗುತ್ತದೆ, ಅಷ್ಟೆ. ಹತ್ತು ಸೇರಿದಾಗ 10 ಡೆಸಿಬೆಲ್ ಹೆಚ್ಚುತ್ತದೆ, ಮತ್ತು ಬಹಳ ಜನಕ್ಕೆ ಅದು ‘ಸುಮಾರು ಎರಡರಷ್ಟು ಜೋರು’ ಎಂದು ಕೇಳುತ್ತದೆ. ಅಮೆರಿಕದ ಮನೋವಿಜ್ಞಾನಿ ಎಸ್. ಎಸ್. ಸ್ಟೀವನ್ಸ್ ಜನರಿಗೆ ಸದ್ದು ಕೇಳಿಸಿ, ‘ಇದರ ಎರಡರಷ್ಟು ಯಾವುದು, ಅರ್ಧದಷ್ಟು ಯಾವುದು’ ಎಂಬಂಥ ಪ್ರಶ್ನೆಗಳನ್ನು ಕೇಳಿಯೇ ಈ ಲೆಕ್ಕ ಕಂಡುಕೊಂಡರು. ಜೋರಿನ ಈ ಅಳತೆಗೆ ಸೋನ್ ಎಂದು ಹೆಸರು. 1000 ಹರ್ಟ್ಜ್‌ನ ದನಿ 40 ಡೆಸಿಬೆಲ್ ಇದ್ದರೆ ಒಂದು ಸೋನ್, 50 ಇದ್ದರೆ ಎರಡು, 60 ಇದ್ದರೆ ನಾಲ್ಕು.

ಮೈಕ್‌ಸೆಟ್ ಬುಕ್ ಮಾಡಲು ಬರುವವರಿಗೆ ನಾನು ಇದನ್ನೇ ಹೇಳುವುದು. ‘ಹೋದ ವರ್ಷ 500 ವಾಟ್ ಇತ್ತು, ಈ ವರ್ಷ 1000 ಹಾಕಿ, ಡಬಲ್ ಇರಲಿ’ ಎನ್ನುತ್ತಾರೆ. ವಾಟ್ ಎರಡರಷ್ಟಾದರೆ ಸಿಗುವುದು ಮೂರೇ ಡೆಸಿಬೆಲ್. ಡಬಲ್ ಜೋರು ಬೇಕೆಂದರೆ 5000 ವಾಟ್ ಬೇಕು. ಆ ದುಡ್ಡನ್ನು ಮಾತು ಸ್ಪಷ್ಟವಾಗಿ ಕೇಳುವಂತೆ ಮಾಡಲು ಖರ್ಚು ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಕೆಲವರು ಒಪ್ಪುತ್ತಾರೆ.

ಕುಕ್ಕರ್ ಸೀಟಿ, ಮಗುವಿನ ಅಳು ಅಷ್ಟು ಚುಚ್ಚುವುದೇಕೆ?

ಕಿವಿಯ ಹೊರನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ಕಡೆ ಮುಚ್ಚಿದ ಕೊಳವೆ. ಕೊನೆಯಲ್ಲಿ ಕಿವಿತಮಟೆ. (ಇದಕ್ಕೆ ತಮಟೆ ಎಂದು ಹೆಸರಿಟ್ಟವರಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈಮುಗಿದಿದ್ದೇನೆ.) ಇಷ್ಟುದ್ದದ ಕೊಳವೆ 3000 ಹರ್ಟ್ಜ್ ಆಸುಪಾಸಿನ ಸದ್ದಿಗೆ ಅನುರಣಿಸಿ ಅದನ್ನು ಹಿಗ್ಗಿಸುತ್ತದೆ. ಹೀಗಾಗಿ 2000ದಿಂದ 5000 ಹರ್ಟ್ಜ್‌ವರೆಗಿನ ಸದ್ದಿಗೆ ನಮ್ಮ ಕಿವಿ ಬಲು ಚುರುಕು. ಸೀಟಿಯ ಕೀಚಲು, ಅಳುವಿನ ಕಿರುಚು ಈ ಜಾಗಕ್ಕೇ ಬಂದು ಬೀಳುತ್ತವೆ. ಕಾಯಿಸಿ ಬಿಗಿಯಾದ ತಮಟೆ ಅಷ್ಟು ದೂರಕ್ಕೂ ಎದ್ದು ಕೇಳುವುದರ ಹಿಂದೆಯೂ ಇದೇ ಇದೆ. ದನಿ ಏರಿದಷ್ಟೂ ಅದು ಕಿವಿ ಚುರುಕಾಗಿರುವ ಕಡೆಗೆ ಸರಿಯುತ್ತದೆ.

ವಾಲ್ಯೂಮ್ ಕಡಿಮೆ ಮಾಡಿದರೆ ಬೇಸ್ ಎಲ್ಲಿ ಹೋಗುತ್ತದೆ?

ರಾತ್ರಿ ಮಕ್ಕಳು ಮಲಗಿದ ಮೇಲೆ ಸಣ್ಣಗೆ ಕಛೇರಿಯ ರೆಕಾರ್ಡಿಂಗ್ ಹಾಕಿಕೊಳ್ಳಿ. ಹಾಡು ಕೇಳುತ್ತದೆ, ಪಿಟೀಲು ಕೇಳುತ್ತದೆ, ಮೃದಂಗದ ಬಲಗೈ ಕೇಳುತ್ತದೆ. ಎಡಗೈಯ ಗುಮುಕಿ ಮಾಯ. ಸ್ಪೀಕರ್ ಅದನ್ನು ನುಡಿಸುತ್ತಲೇ ಇದೆ, ನಿಮ್ಮ ಕಿವಿ ಬಿಟ್ಟುಬಿಟ್ಟಿದೆ.

1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಬೇರೆ ಬೇರೆ ಆವರ್ತನದ (ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಎಂಬ ಲೆಕ್ಕ; ಕಡಿಮೆಯಾದರೆ ದಪ್ಪ, ಹೆಚ್ಚಾದರೆ ಕೀಚಲು) ದನಿಗಳನ್ನು ಕೇಳಿಸಿ, ಯಾವುದು ಯಾವುದಕ್ಕೆ ಸಮನಾಗಿ ಜೋರು ಕೇಳುತ್ತದೆ ಎಂದು ಗೆರೆ ಎಳೆದು ತೋರಿಸಿದರು. ‘ಸಮ ಜೋರಿನ ಗೆರೆಗಳು’ ಎನ್ನೋಣ. ಅವನ್ನು ಆಮೇಲೆ ಪರಿಷ್ಕರಿಸಿ ಐಎಸ್‌ಒ 226 ಎಂಬ ಅಂತಾರಾಷ್ಟ್ರೀಯ ಮಾನಕವನ್ನಾಗಿ ಮಾಡಿದ್ದಾರೆ. ಅದರ ಪ್ರಕಾರ 3000 ಹರ್ಟ್ಜ್ ಸುತ್ತಲ ದನಿ ಸೊನ್ನೆಗಿಂತ ಕೆಳಗಿದ್ದರೂ ಕೇಳೀತು. 100 ಹರ್ಟ್ಜ್ ದನಿ ಕೇಳಬೇಕಾದರೆ ಸುಮಾರು 26 ಡೆಸಿಬೆಲ್ ಬೇಕು, 50 ಹರ್ಟ್ಜ್‌ಗೆ ಸುಮಾರು 44. ಸದ್ದು ಜೋರಾದಂತೆ ಈ ಅಂತರ ಕಿರಿದಾಗುತ್ತದೆ. ಅದಕ್ಕೇ ಜೋರಾಗಿ ಇಟ್ಟಾಗ ಬೇಸ್ ತುಂಬಿಕೊಂಡಂತೆ ಇರುತ್ತದೆ, ಇಳಿಸಿದರೆ ಅದೇ ಮೊದಲು ಹೋಗುತ್ತದೆ. ಹಳೆಯ ಟೇಪ್‌ರೆಕಾರ್ಡರ್‌ಗಳಲ್ಲಿ ‘ಲೌಡ್‌ನೆಸ್’ ಎಂಬ ಗುಂಡಿ ಇತ್ತಲ್ಲ, ಸಣ್ಣ ವಾಲ್ಯೂಮಿನಲ್ಲಿ ಬೇಸನ್ನು ಎತ್ತಿಕೊಡಲು ಇಟ್ಟದ್ದು ಅದು. ಅಪ್ಪ ಅದನ್ನು ಸದಾ ಒತ್ತಿಯೇ ಇಡುತ್ತಿದ್ದರು.

ಛತ್ರದಲ್ಲಿ ಮುಂದಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಿಂದಿನವರಿಗೆ ಕೇಳುವುದೇ ಇಲ್ಲ. ಏನು ಮಾಡಬೇಕು?

ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಕುಸಿಯುತ್ತದೆ. ಸ್ಪೀಕರಿಗೆ 2 ಮೀಟರ್ ದೂರದಲ್ಲಿರುವವರಿಗಿಂತ 16 ಮೀಟರ್ ದೂರದಲ್ಲಿರುವವರಿಗೆ 18 ಡೆಸಿಬೆಲ್ ಕಡಿಮೆ, ಅಂದರೆ ಕಾಲುಭಾಗಕ್ಕಿಂತ ತುಸು ಹೆಚ್ಚು ಜೋರು. ಛತ್ರದ ಒಳಗೆ ಗೋಡೆ, ತಾರಸಿ ಸದ್ದನ್ನು ಹಿಂದಕ್ಕೆ ಎಸೆಯುವುದರಿಂದ ಇಷ್ಟು ಕುಸಿಯುವುದಿಲ್ಲ. ಆದರೆ ಮಾತು ಗೊಜ್ಜಾಗುತ್ತದೆ. ವಾಲ್ಯೂಮ್ ಏರಿಸಿದರೆ ಆ ಗೊಜ್ಜೂ ಏರುತ್ತದೆ. ಎರಡು ದೊಡ್ಡ ಬಾಕ್ಸ್ ವೇದಿಕೆ ಮೇಲಿಡುವ ಬದಲು ನಾಲ್ಕಾರು ಚಿಕ್ಕ ಸ್ಪೀಕರ್‌ಗಳನ್ನು ಹಿಂದಿನವರೆಗೆ ಹಂಚಿ ಇಡಿಸಿ.

ರಾತ್ರಿ ಹೊತ್ತು, ಬೆಳಗಿನ ಜಾವ ದೂರದೂರಿನ ಮೈಕು ಕಿವಿ ಪಕ್ಕದಲ್ಲೇ ಹಾಡಿದ ಹಾಗಿರುತ್ತದೆ. ಜೋರು ಮಾಡುತ್ತಾರೋ ಹೇಗೆ?

ಮಾಡಿದರೂ ಮಾಡಬಹುದು, ಆದರೆ ಮಾಡದೆಯೂ ಹಾಗೆ ಕೇಳುತ್ತದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಹರಿಯುವ ಗದ್ದೆಬಯಲಿನವರಿಗೆ ಇದು ಚೆನ್ನಾಗಿ ಗೊತ್ತು. ಕಾರಣ ಎರಡು.

ಒಂದು ಕಿವಿಯೊಳಗಿನದು. ಹಗಲಲ್ಲಿ ಟ್ರ್ಯಾಕ್ಟರ್, ಬಸ್ಸು, ಮಾತುಕತೆ ಎಲ್ಲ ಸೇರಿ ದೂರದ ಸದ್ದನ್ನು ಮುಚ್ಚಿಹಾಕಿರುತ್ತವೆ. ರಾತ್ರಿ ಆ ಮುಸುಕು ತೆಗೆದಂತೆ. ಮೈಕು ಅಷ್ಟೇ ಇರುತ್ತದೆ, ಅದನ್ನು ಅಡಗಿಸುತ್ತಿದ್ದದ್ದು ಇಲ್ಲವಾಗಿರುತ್ತದೆ.

ಇನ್ನೊಂದು ನಿಜವಾಗಿಯೂ ಗಾಳಿಯಲ್ಲೇ ಆಗುವಂಥದ್ದು. ಹಗಲಲ್ಲಿ ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಬಿಸಿ ಗಾಳಿಯಲ್ಲಿ ಸದ್ದು ವೇಗವಾಗಿ ಹೋಗುವುದರಿಂದ ಅದರ ಅಲೆ ಮೇಲಕ್ಕೆ ಬಾಗಿ ಆಕಾಶಕ್ಕೆ ಹೋಗಿಬಿಡುತ್ತದೆ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿ ನೆಲ ತಣಿದು ಕೆಳಗಿನ ಗಾಳಿ ತಂಪಾಗುತ್ತದೆ, ಮೇಲೆ ಬೆಚ್ಚಗಿನ ಪದರ ಉಳಿಯುತ್ತದೆ. ಆಗ ಅಲೆ ಕೆಳಕ್ಕೆ ಬಾಗಿ ಬಯಲುದ್ದಕ್ಕೂ ಬರುತ್ತದೆ. ಚಿಕ್ಕಂದಿನಲ್ಲಿ ಧನುರ್ಮಾಸದ ಬೆಳಗ್ಗೆ ಗದ್ದೆಗೆ ನೀರು ಕಟ್ಟಲು ಹೋದಾಗ, ಮಂಜಿನಲ್ಲಿ ಬದುವೂ ಕಾಣದಿದ್ದರೂ ನಾಲೆಯಾಚೆ ಊರಿನ ದೇವಸ್ಥಾನದ ಸುಪ್ರಭಾತ ಅಕ್ಷರ ಅಕ್ಷರ ಕೇಳುತ್ತಿತ್ತು. ಬಿಸಿಲೇರಿ ಮಂಜು ಕರಗಿದ ಮೇಲೆ ಅದೇ ಗುಡಿಯ ಗಂಟೆಯೂ ಕೇಳುತ್ತಿರಲಿಲ್ಲ. ಹತ್ತು ಗಂಟೆಯ ಮೇಲೆ ಮೈಕ್ ಹಾಕುವ ಮುಂಚೆ ನಮ್ಮವರು ಇದನ್ನು ನೆನೆಯಬೇಕು. ನಮ್ಮ ಬೀದಿಗೆ ಹಿತವಾಗಿರುವ ಸದ್ದು ಮುಂದಿನೂರಿನ ನಿದ್ದೆ ಕೆಡಿಸುತ್ತಿರಬಹುದು.

ಗಗನಚುಕ್ಕಿಯ ಹತ್ತಿರ ನಿಂತು ಮಾತಾಡಲು ಆಗುವುದಿಲ್ಲ. ನೀರಿನ ಸದ್ದಿಗೆ ಅಂಥದ್ದೇನಿದೆ?

ಧುಮುಕುವ ನೀರಿನಲ್ಲಿ ದಪ್ಪದಿಂದ ಕೀಚಲಿನವರೆಗೆ ಎಲ್ಲ ಆವರ್ತನಗಳೂ ಇರುತ್ತವೆ. ನಮ್ಮ ಒಳಕಿವಿಯ ಕಾಕ್ಲಿಯಾ, ಅದೇ ಬಸವನಹುಳುವಿನ ಚಿಪ್ಪಿನಂತಿರುವ ಅಂಗ, ಸದ್ದನ್ನು ಪಟ್ಟಿ ಪಟ್ಟಿಯಾಗಿ ವಿಂಗಡಿಸುತ್ತದೆ. ಒಂದೇ ಪಟ್ಟಿಯೊಳಗೆ ಶಕ್ತಿಯನ್ನೆಲ್ಲ ತುಂಬಿದ ಸದ್ದಿಗಿಂತ, ಅಷ್ಟೇ ಶಕ್ತಿಯನ್ನು ಹಲವು ಪಟ್ಟಿಗಳಿಗೆ ಹಂಚಿದ ಸದ್ದು ನಮಗೆ ಹೆಚ್ಚು ಜೋರು ಕೇಳುತ್ತದೆ. ಜರ್ಮನಿಯ ಎಬರ್‌ಹಾರ್ಡ್ ತ್ಸ್ವಿಕರ್ ಇದನ್ನು ಆಳವಾಗಿ ಅಧ್ಯಯನ ಮಾಡಿ ಜೋರನ್ನು ಲೆಕ್ಕಹಾಕುವ ವಿಧಾನವನ್ನೇ ರೂಪಿಸಿದರು. ಜಲಪಾತ ಎಲ್ಲ ಪಟ್ಟಿಗಳನ್ನೂ ಒಟ್ಟಿಗೆ ತುಂಬಿಬಿಡುವುದರಿಂದ ಮಾತಿಗೆ ನುಸುಳಲು ಸಂದಿಯೇ ಉಳಿಯುವುದಿಲ್ಲ. ಅಲ್ಲಿ ನಮಗರಿವಿಲ್ಲದೆಯೇ ದನಿ ಏರಿಸುತ್ತೇವಲ್ಲ, ಅದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಗುರುತಿಸಿದರು. ಮದುವೆ ಊಟದ ಮನೆಯಲ್ಲೂ ಇದೇ ನಡೆಯುತ್ತದೆ. ಒಬ್ಬರು ಏರಿಸಿದರೆಂದು ಇನ್ನೊಬ್ಬರು, ಅವರಿಂದಾಗಿ ಮತ್ತೊಬ್ಬರು.

ಟಿವಿಯಲ್ಲಿ ಜಾಹೀರಾತು ಬಂದ ಕೂಡಲೇ ಸದ್ದು ಏರುವುದೇಕೆ?

ಸೀರಿಯಲ್‌ನಲ್ಲಿ ಪಿಸುಮಾತೂ ಇರುತ್ತದೆ, ಕೂಗಾಟವೂ ಇರುತ್ತದೆ. ಜಾಹೀರಾತಿನಲ್ಲಿ ಸಣ್ಣ ಸದ್ದುಗಳನ್ನೆಲ್ಲ ಎತ್ತಿ, ದೊಡ್ಡವನ್ನು ಅದುಮಿ, ಉದ್ದಕ್ಕೂ ಒಂದೇ ಮಟ್ಟದಲ್ಲಿ ತುಂಬಿರುತ್ತಾರೆ. ಎರಡರ ತುತ್ತತುದಿ ಒಂದೇ ಇರಬಹುದು, ಆದರೆ ಕಿವಿ ಗಮನಿಸುವುದು ಸರಾಸರಿಯನ್ನು. ಇದಕ್ಕಾಗಿಯೇ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ, ಕಿವಿಗೆ ಎಷ್ಟು ಜೋರು ಕೇಳುತ್ತದೆ ಎಂಬುದನ್ನು ಅಳೆಯುವ ಮಾನಕ ತಂದಿತು. ಅಮೆರಿಕದಲ್ಲಿ ಜಾಹೀರಾತಿನ ಸದ್ದಿಗೆ 2010ರಲ್ಲಿ ಕಾನೂನೇ ಆಯಿತು.

ಪಟಾಕಿ ‘ಢಂ’ ಅಂದು ಮುಗಿದುಹೋಗುತ್ತದೆ. ಅಷ್ಟಕ್ಕೆಲ್ಲ ಕಿವಿ ಹಾಳಾಗುತ್ತದೆಯೇ?

ಆಗುತ್ತದೆ. ಇಲ್ಲಿ ಕಿವಿಯೇ ನಮ್ಮನ್ನು ದಾರಿತಪ್ಪಿಸುತ್ತದೆ. ಜೋರು ಎಷ್ಟೆಂದು ತೀರ್ಮಾನಿಸಲು ಕಿವಿಗೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತಿನ ಸದ್ದು ಬೇಕು. ಅದಕ್ಕಿಂತ ಚಿಕ್ಕ ಸದ್ದು ಇರುವುದಕ್ಕಿಂತ ಕಡಿಮೆ ಜೋರು ಎನಿಸುತ್ತದೆ. ಪಟಾಕಿಯ ಹೊಡೆತ ಮುಗಿಯುವುದು ಇನ್ನೂ ಬೇಗ. ನಡುಗಿವಿಯಲ್ಲಿ ಒಂದು ಪುಟ್ಟ ಸ್ನಾಯು ಇದೆ. ಜೋರು ಸದ್ದು ಬಂದಾಗ ಅದು ಬಿಗಿದು, ಒಳಕಿವಿಗೆ ಸದ್ದು ಸಾಗಿಸುವ ಪುಟ್ಟ ಮೂಳೆಗಳ ಅಲುಗಾಟವನ್ನು ತಗ್ಗಿಸುತ್ತದೆ. ಆದರೆ ಅದು ಬಿಗಿಯುವಷ್ಟರಲ್ಲಿ ಪಟಾಕಿ ಸಿಡಿದು ಆಗಿರುತ್ತದೆ. ನಮ್ಮ ದೇಶದ ನಿಯಮದಲ್ಲಿ ಪಟಾಕಿಗೆ ಇಟ್ಟಿರುವ ಮಿತಿಯೇ ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್. ಕೈಯಳತೆಯಲ್ಲಿ ಹಚ್ಚುವ ಮಕ್ಕಳ ಕಿವಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಬೀಳುತ್ತದೆ.

ದಸರಾ ಆನೆಗಳು ಕುಶಾಲತೋಪಿಗೆ ಒಗ್ಗಿಕೊಳ್ಳುತ್ತವೆ. ನಮ್ಮ ಕಿವಿಯೂ ಒಗ್ಗುತ್ತದಲ್ಲವೇ?

ವಿಜಯದಶಮಿಯ ದಿನ 21 ಕುಶಾಲತೋಪು ಹಾರಿಸುವಾಗ ಆನೆ, ಕುದುರೆಗಳು ಬೆದರಬಾರದೆಂದು ಮುಂಚೆಯೇ ತಾಲೀಮು ಕೊಡುತ್ತಾರೆ. ದಿನ ಕಳೆದಂತೆ ಬೆಚ್ಚುವುದು ಕಡಿಮೆಯಾಗುತ್ತದೆ. ಒಗ್ಗಿಕೊಳ್ಳುವುದು ಮನಸ್ಸು. ಕಾಕ್ಲಿಯಾದೊಳಗೆ ಸದ್ದನ್ನು ಹಿಡಿಯುವ ರೋಮಕೋಶಗಳಿಗೆ ತಾಲೀಮು ಎಂಬುದಿಲ್ಲ. ಮನುಷ್ಯರಲ್ಲಿ ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ನನ್ನ ಜೊತೆ ಕೆಲಸ ಮಾಡುವ ಹುಡುಗರಿಗೆ ಹೇಳಿಕೊಡುವ ಲೆಕ್ಕ ಇದು: 85 ಡೆಸಿಬೆಲ್ ಇದ್ದರೆ ಅದನ್ನು ಕೇಳುವುದು ದಿನಕ್ಕೆ ಹೆಚ್ಚೆಂದರೆ 8 ಗಂಟೆ, ಆಮೇಲೆ ಪ್ರತಿ 3 ಡೆಸಿಬೆಲ್‌ಗೂ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. 100 ಮುಟ್ಟಿದರೆ ಕಾಲು ಗಂಟೆ. ಒಂದು ಮೆರವಣಿಗೆಯಲ್ಲಿ ಬಾಕ್ಸ್ ಕಟ್ಟಿದ ಗಾಡಿಯ ಪಕ್ಕ ಇಡೀ ರಾತ್ರಿ ನಡೆದಿದ್ದೆ. ಮನೆಗೆ ಬಂದು ಮಲಗಿದರೆ ಕಿವಿಯಲ್ಲಿ ‘ಕುಂಯ್’ ಅನ್ನುವ ಸದ್ದು, ಮನೆಯವರ ಮಾತು ಹತ್ತಿ ತುರುಕಿಕೊಂಡು ಕೇಳಿದ ಹಾಗೆ. ಎರಡು ದಿನಕ್ಕೆ ಸರಿಹೋಯಿತು. ಸರಿಹೋದರೂ ಒಳಗೆ ಏಟು ಬಿದ್ದಿರುವ ಸೂಚನೆ ಅದು. ಅಂದಿನಿಂದ ಜೇಬಿನಲ್ಲಿ ಇಯರ್‌ಪ್ಲಗ್ ಇಲ್ಲದೆ ನಾನು ಕೆಲಸಕ್ಕೆ ಹೊರಡುವುದಿಲ್ಲ.

ಫೋನಿನ ಆ್ಯಪ್‌ನಲ್ಲಿ ತೋರಿಸುವ ಡೆಸಿಬೆಲ್ ನಂಬಬಹುದೇ?

ಅಂದಾಜಿಗೆ ಸಾಕು, ದೂರಿಗೆ ಸಾಲದು. ಒಂದು ಮಾತು ಗೊತ್ತಿರಲಿ. ಬಹುತೇಕ ಅಳತೆಗಳು ‘ಎ’ ತೂಕದ ಡೆಸಿಬೆಲ್‌ನಲ್ಲಿರುತ್ತವೆ. ಸಣ್ಣ ಸದ್ದಿಗೆ ಕಿವಿ ಹೇಗೆ ಸ್ಪಂದಿಸುತ್ತದೋ ಹಾಗೆ ಬೇಸನ್ನು ಕಡಿಮೆ ಲೆಕ್ಕ ಹಿಡಿಯುವ ಅಳತೆ ಅದು. ಡಿಜೆಯ ‘ಧಂ ಧಂ’ ಕಿಟಕಿ ಗಾಜನ್ನು ಅಲುಗಿಸುತ್ತಿದ್ದರೂ ಮೀಟರಿನಲ್ಲಿ ಅಂಕಿ ಅಷ್ಟೇನೂ ಇರದಿರಬಹುದು. ಪಕ್ಕದ ಮನೆಯವರು ಎದೆ ನಡುಗುತ್ತದೆ ಎಂದರೆ ನಂಬಿ.

ಕಾನೂನಿನ ಪ್ರಕಾರ ಎಷ್ಟಿರಬೇಕು?

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ಅಂಗಡಿ ಬೀದಿಗಳಲ್ಲಿ 65 ಮತ್ತು 55, ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70, ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಹಗಲೆಂದರೆ ಬೆಳಗ್ಗೆ 6ರಿಂದ ರಾತ್ರಿ 10. ಮೈಕ್ ಹಾಕಿದ ಸಾರ್ವಜನಿಕ ಜಾಗದ ಗಡಿಯಲ್ಲಿ ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ಮೀರುವಂತಿಲ್ಲ.

ಅಜ್ಜಿಗೆ ಮೆಲ್ಲಗೆ ಹೇಳಿದರೆ ಕೇಳುವುದಿಲ್ಲ, ಜೋರಾಗಿ ಹೇಳಿದರೆ ಬೈಯುತ್ತಾರೆ. ಬೇಕೆಂದೇ ಮಾಡುತ್ತಾರೆಯೇ?

ಖಂಡಿತ ಇಲ್ಲ. ದಯವಿಟ್ಟು ಇದನ್ನು ಪೂರ್ತಿ ಓದಿ.

ನನ್ನ ಅಜ್ಜಿ ಹಿತ್ತಲ ಬಾಗಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ‘ಅಜ್ಜಿ, ತಟ್ಟೆ ಹಾಕವ್ರೆ, ಉಣ್ಣಕ್ ಬಾ’ ಎಂದೆ. ತಲೆ ಎತ್ತಲಿಲ್ಲ. ಹತ್ತಿರ ಹೋಗಿ ಮತ್ತೆ ಹೇಳಿದೆ. ‘ಯಾವ್ ಕಟ್ಟೆ?’ ಎಂದರು. ಗಂಟಲು ಹರಿಯುವಂತೆ ಕೂಗಿದೆ. ಕೈಯಲ್ಲಿದ್ದ ಕಾಯಿ ಮೊರಕ್ಕೆ ಹಾಕಿ, ಎರಡೂ ಕಿವಿ ಮುಚ್ಚಿಕೊಂಡರು. ‘ಅದ್ಯಾಕ್ಲಾ ಮಗ ಹಂಗ್ ಕಿರುಚ್ಕೊತೀಯ, ನಾನೇನ್ ಕೆಪ್ಪಿನಾ?’ ಆಗ ನನಗೆ ಸಿಟ್ಟು ಬಂದಿತ್ತು. ಕಾರಣ ತಿಳಿದದ್ದು ಅಜ್ಜಿ ಹೋದ ಎಷ್ಟೋ ವರ್ಷಗಳ ಮೇಲೆ.

ಕಾಕ್ಲಿಯಾದಲ್ಲಿ ಹೊರಸಾಲಿನ ರೋಮಕೋಶಗಳ ಕೆಲಸವೇ ಸಣ್ಣ ಸದ್ದನ್ನು ಎತ್ತಿ ಹಿಡಿಯುವುದು. ಜೋರು ಸದ್ದಿಗೆ ಅವುಗಳ ನೆರವು ಅಷ್ಟಾಗಿ ಬೇಕಿಲ್ಲ. ವಯಸ್ಸಾದಂತೆ ಮೊದಲು ಸವೆಯುವುದು ಇವೇ. ಆಗ ಸಣ್ಣ ಸದ್ದು ಕೇಳುವುದೇ ಇಲ್ಲ, ಜೋರು ಸದ್ದು ಮಾತ್ರ ಎಳೆಯರಿಗೆ ಎಷ್ಟೋ ಅಷ್ಟೇ ಜೋರಾಗಿ ಕೇಳುತ್ತದೆ. ‘ಕೇಳಲಿಲ್ಲ’ ಮತ್ತು ‘ಸಾಕು ನಿಲ್ಲಿಸು’ ಇವುಗಳ ನಡುವಿನ ಜಾಗ ತೀರಾ ಇಕ್ಕಟ್ಟಾಗಿರುತ್ತದೆ. ಕೂಗಿದರೆ ಆ ಇಕ್ಕಟ್ಟನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತೇವೆ.

ಅದರ ಮೇಲೆ ಮೊದಲು ಹೋಗುವುದು ಕೀಚಲು ಆವರ್ತನಗಳು. ಸ್ವರಗಳ ಬಲವೆಲ್ಲ ದಪ್ಪ ದನಿಯಲ್ಲಿದೆ. ಕ, ತ, ಸ, ಶ ಇಂಥ ವ್ಯಂಜನಗಳ ಗುರುತು ಇರುವುದು ಮೇಲಿನ ಆವರ್ತನಗಳಲ್ಲಿ. ಹೀಗಾಗಿ ಯಾರೋ ಮಾತಾಡಿದ್ದು ಗೊತ್ತಾಗುತ್ತದೆ, ಏನು ಎಂದು ಗೊತ್ತಾಗುವುದಿಲ್ಲ. ತಟ್ಟೆ ಕಟ್ಟೆಯಾದದ್ದು ಹಾಗೆ. ಕೂಗಿದರೆ ಏರುವುದು ಹೆಚ್ಚಾಗಿ ಸ್ವರಗಳೇ.

ಎದುರಿಗೆ ಕುಳಿತು, ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ನೋಡಿಕೊಂಡು, ಟಿವಿ ಆರಿಸಿ, ನಿಧಾನವಾಗಿ ಬಿಡಿಸಿ ಹೇಳಿ. ಮಾಮೂಲಿಗಿಂತ ತುಸುವೇ ಗಟ್ಟಿಯಾಗಿ ಹೇಳಿದರೆ ಸಾಕು. ಒಮ್ಮೆ ತಿಳಿಯದಿದ್ದರೆ ಅದೇ ಮಾತನ್ನು ಇನ್ನೂ ಜೋರಾಗಿ ಹೇಳುವ ಬದಲು ಬೇರೆ ಪದದಲ್ಲಿ ಹೇಳಿ. ಈಗಿನ ಶ್ರವಣಸಾಧನಗಳು ಸಣ್ಣ ಸದ್ದನ್ನು ಹೆಚ್ಚು, ಜೋರು ಸದ್ದನ್ನು ಕಡಿಮೆ ಎತ್ತುವಂತೆ ಹೊಂದಿಸಲು ಬರುತ್ತವೆ. ಆ ಹೊಂದಾಣಿಕೆಗೆ ಎರಡು ಮೂರು ಸಲ ಹೋಗಬೇಕಾದೀತು. ಮೊದಲ ದಿನವೇ ‘ಗಲಗಲ ಅನ್ನುತ್ತೆ’ ಎಂದು ಡಬ್ಬಿಗೆ ಹಾಕಿಬಿಡಬೇಡಿ.

ಕಿವಿ ಪರೀಕ್ಷೆ ಎಲ್ಲಿ ಮಾಡಿಸುವುದು, ಹೇಗಿರುತ್ತದೆ?

ಮೈಸೂರು, ಮಂಡ್ಯದವರಿಗೆ ಈ ವಿಷಯದಲ್ಲಿ ದೊಡ್ಡ ಅನುಕೂಲವಿದೆ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಪರೀಕ್ಷೆಗೆ ಸದ್ದು ಹೊರಗಿನಿಂದ ಬಾರದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಡುತ್ತಾರೆ. ‘ಪೀ’ ಎನ್ನುವ ದನಿ ಸಣ್ಣದಾಗುತ್ತ ಹೋಗುತ್ತದೆ. ಕೇಳಿದಾಗಲೆಲ್ಲ ಒತ್ತಬೇಕು, ಎಷ್ಟೇ ಸಣ್ಣಗಿದ್ದರೂ. ಕೊನೆಗೆ ಪ್ರತಿ ಕಿವಿಗೂ ಒಂದು ನಕ್ಷೆ ಸಿಗುತ್ತದೆ. ಹಿಂದಿನ ದಿನ ಮೆರವಣಿಗೆ, ಡಿಜೆ, ಆಲೆಮನೆಯ ಇಂಜಿನ್ ಸದ್ದಿನ ಹತ್ತಿರ ಹೋಗಬೇಡಿ. ದಣಿದ ಕಿವಿ ಕಡಿಮೆ ಕೇಳುತ್ತದೆ, ನಕ್ಷೆ ತಪ್ಪು ಬರುತ್ತದೆ. ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಬೆಳಗ್ಗೆ ಬೇಗ ಹೊರಡಿ, ತಿಂಡಿ ಕಟ್ಟಿಕೊಂಡು ಹೋಗಿ.